ಗುಜರಿ ಕಬ್ಬಿಣ, ಕೇರಿಯ ಗರಡಿ

ನಮ್ಮ ಜನ ಎತ್ತದ ಭಾರ ಯಾವುದಿದೆ? ಭತ್ತದ ಮೂಟೆ, ಚಪ್ಪಡಿ ಕಲ್ಲು, ಸತ್ತ ದನ, ಎಲ್ಲಾ ಈ ಹೆಗಲ ಮೇಲೇ ಹೋದವು. ಆದರೆ ಅದನ್ನು ಯಾರೂ ಸಾಮು ಅನ್ನಲಿಲ್ಲ. ಕೂಲಿ ಅಂದರು, ಚಾಕರಿ ಅಂದರು. ಸಾಮು ಅನ್ನೋದು ಊರೊಳಗಿನ ಗರಡಿಮನೆಯಲ್ಲಿತ್ತು. ಅಲ್ಲಿ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಹನುಮಂತನ ಪಟ, ಮೂಲೆಯಲ್ಲಿ ಗದೆ, ಕರ್ಲಾಕಟ್ಟೆ, ಕೊರಳಿಗೆ ಹಾಕಿಕೊಂಡು ಬಸ್ಕಿ ಹೊಡೆಯುವ ಕಲ್ಲಿನ ಬಳೆ. ನಮ್ಮಪ್ಪ ಆ ಮಟ್ಟಿಗೆ ಮಂಕರಿಗಟ್ಟಲೆ ಕೆಮ್ಮಣ್ಣು ಹೊತ್ತವನು. ಬಾಗಿಲಲ್ಲೇ ಸುರಿದು ಬರುತ್ತಿದ್ದ. ಒಳಗೆ ಎಷ್ಟು ಅಗಲ ಇದೆ ಅಂತ ಅವನಿಗೆ ಕೊನೇವರೆಗೂ ಗೊತ್ತಾಗಲಿಲ್ಲ.

ಈಗ ಕಾಲ ಬದಲಾಗಿದೆ ಅಂತಾರೆ. ಹೌದು, ಬದಲಾಗಿದೆ. ಪಟ್ಟಣದ ಜಿಮ್ಮಿನಲ್ಲಿ ಜಾತಿ ಕೇಳೋದಿಲ್ಲ, ತಿಂಗಳ ಫೀಸು ಕೇಳ್ತಾರೆ. ಬಸ್ ಚಾರ್ಜು ಬೇರೆ. ನಮ್ಮ ಕೇರಿಯ ಹುಡುಗರಿಗೆ ಪೊಲೀಸ್ ಕೆಲಸದ ಆಸೆ. ಅದಕ್ಕೆ ಓಟ ಇದೆ, ಜಿಗಿತ ಇದೆ, ಗುಂಡು ಎಸೆತ ಇದೆ. ಗಂಡಸರಿಗೆ 7.26 ಕೆಜಿ ಗುಂಡು, ಹೆಂಗಸರಿಗೆ 4 ಕೆಜಿ. ಓಡೋದಕ್ಕೆ ಕೆರೆ ಏರಿ ಸಾಕು. ತೋಳಿಗೆ ಬಲ ಬರಬೇಕಾದರೆ ಕಬ್ಬಿಣ ಬೇಕು.

ನಾನು ಐಟಿಐನಲ್ಲಿ ಒಂದು ವರ್ಷ ವೆಲ್ಡಿಂಗ್ ಕಲಿತವನು. ಇಷ್ಟು ದಿನ ಬೆಸೆದದ್ದೆಲ್ಲಾ ಗೇಟು, ಗ್ರಿಲ್ಲು, ಕಿಟಕಿ ಸರಳು. ಯೋಚಿಸಿ ನೋಡಿ, ಎಲ್ಲಾ ನಮ್ಮಂಥವರನ್ನ ಹೊರಗಿಡುವ ಸಾಮಾನುಗಳೇ. ಈಗಿನ ಇನ್ವರ್ಟರ್ ಮಿಷನ್ನು ಹೆಗಲಿಗೆ ನೇತುಹಾಕಿಕೊಂಡು ಹೋಗುವಷ್ಟು ಹಗುರ, ಮನೆ ಕರೆಂಟಿಗೇ ಓಡುತ್ತೆ. ಹಿತ್ತಿಲಲ್ಲೇ ಶುರು ಮಾಡಿದೆವು.

ಮೊದಲು ಗುಜರಿ ಅಂಗಡಿ. ಅಲ್ಲಿ ತಕ್ಕಡಿ ನಂಬೋದಕ್ಕಿಂತ ಲೆಕ್ಕ ನಂಬೋದು ವಾಸಿ. ಗುಂಡು ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತೆ. 28 ಮಿಮೀ ಕಂಬಿ ಮೀಟರಿಗೆ 4.84 ಕೆಜಿ, ಎರಡು ಮೀಟರ್ ಅಂದರೆ ಹತ್ತಿರ ಹತ್ತಿರ 9.7 ಕೆಜಿ. ಈ ಲೆಕ್ಕ ಹುಡುಗರ ಬಾಯಿಗೆ ಬಂದ ಮೇಲೆ ಗುಜರಿಯವನ ಮಾತು ಮೆತ್ತಗಾಯ್ತು.

ಎತ್ತುವ ಕಂಬಿ ಒಂದೇ ತುಂಡಾಗಿರಬೇಕು. ಎರಡು ತುಂಡು ತಂದು ನಡುವೆ ಬೆಸೆದರೆ, ಭಾರಕ್ಕೆ ಬಾಗುವ ಜಾಗದಲ್ಲೇ ಬೆಸುಗೆ ಕೂರುತ್ತೆ. ಅದು ಕುತ್ತಿಗೆ ಮೇಲೆ ಮುರಿಯೋ ಮಾತು. ಎರಕದ ಕಬ್ಬಿಣದ ಹಳೇ ಚಕ್ರ ಸಿಕ್ಕಿದರೆ ಸಂತೋಷ, ಕಂಬಿಗೆ ತೂರಿಸಿ. ಮಾಮೂಲಿ ಕಡ್ಡಿಯಲ್ಲಿ ಬೆಸೆಯಬೇಡಿ, ಆರುವಾಗ ಸೀಳು ಬಿಡುತ್ತೆ. ಚಕ್ರ ಸಿಗದಿದ್ದರೆ ಡಬ್ಬ ಇದೆ. ನಡುವೆ ಪೈಪಿನ ತುಂಡು ನಿಲ್ಲಿಸಿ ಕಾಂಕ್ರೀಟ್ ತುಂಬಿ, ಒಂದು ವಾರ ನೀರು ಉಣಿಸಬೇಕು. ಲೀಟರಿಗೆ 2.4 ಕೆಜಿ ಲೆಕ್ಕ. ಬಣ್ಣದ ಹತ್ತು ಲೀಟರ್ ಬಕೆಟ್ಟು ತುಂಬಿದರೆ 24 ಕೆಜಿ.

ಮಲಗಿ ಎತ್ತುವ ಬೆಂಚಿಗೆ, ಕಂಬಿ ಇಡುವ ಕಂಬಗಳಿಗೆ ಆಂಗಲ್ ಸಾಕು. ಮೊದಲು ನಾಲ್ಕೂ ಮೂಲೆಗೆ ಬರೀ ಚುಕ್ಕೆ ಬೆಸುಗೆ ಹಾಕಿ. ಮೂಲೆಯಿಂದ ಮೂಲೆಗೆ ದಾರ ಹಿಡಿದು, ಎರಡೂ ದಾರ ಸಮ ಬಂದ ಮೇಲೇ ಪೂರ್ತಿ ಬೆಸೆಯೋದು. ಬೆಂಚಿನ ಎರಡು ಪಕ್ಕಕ್ಕೂ ಎದೆಮಟ್ಟದಲ್ಲಿ ಒಂದೊಂದು ತಡೆ ಇರಲೇಬೇಕು. ಒಬ್ಬನೇ ಎತ್ತುವಾಗ ಕೈ ಸೋತರೆ ಭಾರವನ್ನು ಅದು ಹಿಡಿಯುತ್ತೆ, ಎದೆಯಲ್ಲ.

ಬಿಳೀ ಲೇಪದ ಜಿಐ ಪೈಪು ಅಗ್ಗಕ್ಕೆ ಸಿಕ್ಕೀತು. ಅದನ್ನು ಹಾಗೇ ಸುಟ್ಟರೆ ಸತುವಿನ ಹೊಗೆ. ರಾತ್ರಿ ಚಳಿ ಜ್ವರ ಬಂದು ಮೈ ನಡುಗುತ್ತೆ. ಹಾಲು ಕುಡಿದರೆ ಸರಿಹೋಗುತ್ತೆ ಅನ್ನೋ ಮೇಸ್ತ್ರಿಗಳಿದ್ದಾರೆ. ಹಾಲು ಹೊಟ್ಟೆಗೆ ಹೋಗುತ್ತೆ, ಹೊಗೆ ಹೋಗಿರೋದು ಪುಪ್ಪುಸಕ್ಕೆ. ಲೇಪವನ್ನು ಉಜ್ಜಿ ತೆಗೆದು, ಬಯಲಲ್ಲಿ ಗಾಳಿಗೆ ಬೆನ್ನು ಕೊಟ್ಟು ಬೆಸೆಯಿರಿ. ಕಪ್ಪು ಗಾಜಿಲ್ಲದೆ ಯಾರೂ ಹತ್ತಿರ ನಿಲ್ಲಬಾರದು, ನೋಡೋಕೆ ಬಂದ ಮಕ್ಕಳೂ ಅಷ್ಟೇ. ಕಣ್ಣಿಗೆ ಮರಳು ತುಂಬಿದಂಥ ಆ ರಾತ್ರಿ ಯಾವ ಮಗುವಿಗೂ ಬೇಡ.

ಗರಡಿಮನೆ ಕಡೆಯ ಹುಡುಗನೊಬ್ಬ ಒಂದು ಸಂಜೆ ಬೈಕು ದೂರ ನಿಲ್ಲಿಸಿ ಬಂದ. ಆ ಗರಡಿಯ ಸೂರು ಬಿದ್ದು ಬಹಳ ವರ್ಷ ಆಯ್ತು. "ಅಣ್ಣ, ನಾನೂ ಮಾಡ್ಬೌದಾ?" ಅಂದ. ಹುಡುಗರು ನನ್ನ ಮುಖ ನೋಡಿದರು. ಮಾಡು, ಆದ್ರೆ ಬೈಕು ಇಲ್ಲೇ ಮುಂದೆ ತಂದು ನಿಲ್ಸು ಅಂದೆ. ತಂದು ನಿಲ್ಲಿಸಿದ.

ಅದಕ್ಕಿಂತ ಗಟ್ಟಿ ಜಗಳ ಕೇರಿಯೊಳಗೇ ಆಯ್ತು. ಪಕ್ಕದ ಮನೆ ಹುಡುಗಿ, "ಅಣ್ಣ, ನಂಗೊಂದು ಹಗುರದ್ದು ಮಾಡ್ಕೊಡಣ್ಣ" ಅಂದಳು. ಅವಳವ್ವ ಬಂದು, "ಹೆಣ್ಮಗ ಕಬ್ಣ ಎತ್ತುದ್ರೆ ಯಾರಪ್ಪ ಮದ್ವೆ ಆಯ್ತಾರೆ?" ಅಂತ ನನ್ನ ಮೇಲೇ ಹರಿಹಾಯ್ದಳು. ಜಗಲಿ ಮೇಲೆ ಎಲೆಅಡಿಕೆ ಕುಟ್ಟುತ್ತಿದ್ದ ಅವಳ ಅತ್ತೆ ತಲೆ ಎತ್ತದೆ, "ನಾ ಮೂಟೆ ಹೊರ್ವಾಗ ಹೆಣ್ಣಾ ಗಂಡಾ ಅಂತ ಯಾರೂ ಕೇಳ್ನಿಲ್ಲ ಕಣವ್ವ" ಅಂದಳು.

20 ಮಿಮೀ ಕಂಬಿ ಒಂದೂವರೆ ಮೀಟರು ಕತ್ತರಿಸಿ ಕೊಟ್ಟೆ, 3.7 ಕೆಜಿ. ಈ ವಾರ ಅದರ ಎರಡು ತುದಿಗೂ ಒಂದೊಂದು ಲೀಟರಿನ ಡಬ್ಬ ಸೇರಿಸಿದ್ದೇವೆ. ಒಟ್ಟು ಎಂಟೂವರೆ ಕೆಜಿ ಅಂತ ಅವಳೇ ಲೆಕ್ಕ ಹಾಕಿ ಹೇಳಿದಳು.