ಹಾಸುಹೊಕ್ಕು ಅಂದರೆ ಏನು?

ಹೋದ ತಿಂಗಳು ಎರಡು ದಿನ ರಜೆ ಹಾಕಿ ಬೆಂಗಳೂರಿನಿಂದ ಬೆಟಗೇರಿಗೆ ಹೋಗಿದ್ದೆ. ಬೆಳಿಗ್ಗೆ ಚಹಾ ಕುಡಿಯುತ್ತ ಕೂತಾಗ ಐದನೇ ಇಯತ್ತೆ ಓದುವ ಅಣ್ಣನ ಮಗಳು ಕನ್ನಡ ಕಿರುಪರೀಕ್ಷೆಯ ಹಾಳೆ ತಂದು ತೋರಿಸಿದಳು. 20ಕ್ಕೆ 16. ಒಂದು ಉತ್ತರದ ಮೇಲೆ ದೊಡ್ಡ ಕೆಂಪು ಇಂಟು.

ಪ್ರಶ್ನೆ: ‘ಹಾಸುಹೊಕ್ಕು’ ಪದದ ಅರ್ಥ ಬರೆಯಿರಿ. ಆಕೆ ಬರೆದದ್ದು: ಮಗ್ಗದಾಗಿನ ಉದ್ದ ನೂಲು ಮತ್ತು ಅಡ್ಡ ನೂಲು. ಬೇಕಾಗಿದ್ದದ್ದು: ಬೆರೆತುಹೋಗಿರುವುದು.

ಈ ಉತ್ತರ ಎಲ್ಲಿಂದ ಬಂತು ಅಂತ ಹೇಳಬೇಕಾಗಿಲ್ಲ. ಬೆಟಗೇರಿ ನೇಕಾರರ ಊರು. ನಮ್ಮವ್ವ ಎಷ್ಟೋ ವರ್ಷ ಕಂಡಿಕಿ ಸುತ್ತಿದವಳು. ಪರೀಕ್ಷೆಯ ಹಿಂದಿನ ರಾತ್ರಿ ಮೊಮ್ಮಗಳಿಗೆ ಆಕೆಯೇ ಹೇಳಿಕೊಟ್ಟಿದ್ದಳು.

“ಬರೋಬ್ಬರಿ ಬರದಾಳಲ್ಲ!” ಅಂದಳು ಅವ್ವ.

“ನೀ ಹೇಳಿದ್ದಕ್ಕ ತಪ್ಪಾತು ಆಯಿ. ನಿಂದು ಪುಸ್ತಕದ ಕನ್ನಡ ಅಲ್ಲ. ಇನ್‌ಮ್ಯಾಲೆ ನನಗ ಹೇಳಿಕೊಡಬ್ಯಾಡ.”

ಅವ್ವ ನಕ್ಕಳು. ಆದರೆ ಆ ಸಂಜೆ ಹುಡುಗಿ ಅಭ್ಯಾಸಕ್ಕೆ ಕೂತ ಕಡೆ ಆಕೆ ಹಾಯಲೇ ಇಲ್ಲ.

ಅವ್ವನ ತವರು ಲಕ್ಷ್ಮೇಶ್ವರ, ಹಳೆಯ ಹೆಸರು ಪುಲಿಗೆರೆ. 9ನೇ ಶತಮಾನದ ‘ಕವಿರಾಜಮಾರ್ಗ’ ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ ಎಂಬ ನಾಲ್ಕು ಊರುಗಳ ನಡುವಿನ ನಾಡನ್ನೇ ಕನ್ನಡದ ತಿರುಳು ಎಂದು ಕರೆದಿದೆ. ಮುಂದಿನ ಶತಮಾನದ ಪಂಪನೂ ಪುಲಿಗೆರೆಯ ಕನ್ನಡವನ್ನು ಹೆಸರಿಸಿ ನೆನೆದಿದ್ದಾನೆ. ಹೈಸ್ಕೂಲಿನಲ್ಲಿ ಈ ನಾಲ್ಕು ಹೆಸರನ್ನು ಒಂದಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡಿದ್ದೆ. ಅದು ನನ್ನ ಅಜ್ಜನ ಮನೆಯ ಊರು ಅಂತ ಆಗ ಹೊಳೆದೇ ಇರಲಿಲ್ಲ!

ನನ್ನದೊಂದು ವೃತ್ತಿರೋಗ ಇದೆ. ಸಮಸ್ಯೆ ಕಂಡ ಕೂಡಲೇ ಕೋಡ್ ಬರೆಯುವುದು. ಮಧ್ಯಾಹ್ನ ಕೂತು ಮೊಬೈಲಿನಲ್ಲಿ ಒಂದು ಸಣ್ಣ ಕ್ವಿಜ್ ಮಾಡಿಕೊಟ್ಟೆ. ಪದ ಬರುತ್ತದೆ, ನಾಲ್ಕು ಅರ್ಥ ಬರುತ್ತವೆ, ಸರಿಯಾದದ್ದನ್ನು ಒತ್ತಬೇಕು. ರಾತ್ರಿಯೊಳಗೆ ಹುಡುಗಿ 20ಕ್ಕೆ 19 ತಗೊಂಡಳು. ನನಗೆ ಹೆಮ್ಮೆಯೋ ಹೆಮ್ಮೆ. ಸುಮ್ಮನೆ ಕೇಳಿದೆ, “ಔದಾರ್ಯ ಅಂದ್ರ ದೊಡ್ಡ ಗುಣ ಅಂತ ಒತ್ತಿದೆಲ್ಲ, ನಮ್ಮ ಓಣ್ಯಾಗ ಅದು ಯಾರಿಗೈತಿ?”

ಮುಖ ನೋಡಿದಳು. “ಅದೆಲ್ಲ ಪರೀಕ್ಷಾದಾಗ ಕೇಳಂಗಿಲ್ಲ ಕಾಕಾ.”

ಅಂದರೆ ಸರಿ ಬಂದ ಪದ ಆಕೆಗೆ ಗೊತ್ತಿಲ್ಲ, ತಪ್ಪಾದ ಪದ ಚೆನ್ನಾಗಿ ಗೊತ್ತು. ನನ್ನ ಕ್ವಿಜ್ ಆ ಪ್ರಶ್ನೆಪತ್ರಿಕೆಗಿಂತ ಕಡೆ ಇತ್ತು.

ಇದು ನನಗೇ ಆಗಿದ್ದ ಪೆಟ್ಟು. ನಾನು ಹತ್ತನೇ ತನಕ ಕನ್ನಡ ಮಾಧ್ಯಮ. ಎಂಜಿನಿಯರಿಂಗ್ ಕೊನೆಯ ವರ್ಷ, ಕ್ಯಾಂಪಸ್ ಪರೀಕ್ಷೆಗಾಗಿ ಇಂಗ್ಲಿಷ್ ಸಮಾನಾರ್ಥಕ ಪದಗಳ ದಪ್ಪ ಪುಸ್ತಕ ಉರು ಹೊಡೆದಿದ್ದೆ. ‘ಫೇಮಸ್’ ಪದದ ಸಾಲಿನಲ್ಲೇ ‘ನಟೋರಿಯಸ್’ ಇತ್ತು. ಪರೀಕ್ಷೆ ಪಾಸಾದೆ, ಕೆಲಸ ಸಿಕ್ಕಿತು. ಮೂರನೇ ತಿಂಗಳು ಗ್ರಾಹಕರಿಗೆ ಮೇಲ್ ಬರೆದೆ: ನಮ್ಮ ತಂಡ ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸುವುದರಲ್ಲಿ ‘ನಟೋರಿಯಸ್’. ಕುಖ್ಯಾತ ಅಂತ! ಇಡೀ ಫ್ಲೋರ್ ನಕ್ಕಿತು. ಆಮೇಲೆ ಒಂದು ವರ್ಷ ಮೀಟಿಂಗ್‌ನಲ್ಲಿ ನಾನು ಬಾಯಿ ಬಿಟ್ಟಿದ್ದು ಕಡಿಮೆ.

ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸ ನೆನಪು ಹೇಗೆ ಅಳಿಯುತ್ತದೆ ಎಂದು ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪುಸ್ತಕ ಪ್ರಕಟಿಸಿದ. ಅದಕ್ಕೆ ಆತ ಬಳಸಿದ್ದು ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು. ಪದಪಟ್ಟಿ ಉರು ಹೊಡೆಯುವ ನಮ್ಮ ಮಕ್ಕಳಿಗೂ ‘ಔದಾರ್ಯ’ ಅಂಥದೇ ಒಂದು ಗುಚ್ಛ. ಬಿಡುವು ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಂಡರೆ ಉಳಿಯುತ್ತದೆ ಅನ್ನುವುದೇನೋ ನಿಜ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದಕ್ಕೆ ಚೀಟಿ ಮತ್ತು ಡಬ್ಬಿಗಳ ಸುಲಭ ಉಪಾಯ ಹೇಳಿದ. ಗೊತ್ತಾದ ಚೀಟಿ ಮುಂದಿನ ಡಬ್ಬಿಗೆ, ಅದನ್ನು ತಡವಾಗಿ ಕೇಳುವುದು. ತಪ್ಪಿದರೆ ಮತ್ತೆ ಮೊದಲ ಡಬ್ಬಿಗೆ. ಆದರೆ ‘ಗೊತ್ತಾಯಿತು’ ಅಂತ ತೀರ್ಮಾನ ಮಾಡುವವರು ಯಾರು?

ಭಾನುವಾರ ಆ್ಯಪ್ ಅಳಿಸಿದೆ. ಮೂರು ಚಪ್ಪಲಿ ಡಬ್ಬಿ, ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನು. ನಿಯಮ ಒಂದೇ: ಅರ್ಥ ಹೇಳುವಂತಿಲ್ಲ, ಆ ಪದ ಹಾಕಿ ನಮ್ಮ ಓಣಿಯ ಮೇಲೊಂದು ಮಾತು ಹೇಳಬೇಕು. ಆಯಿ ಹೌದು ಅಂದರೆ ಮಾತ್ರ ಚೀಟಿ ಮುಂದೆ ಹೋಗಬೇಕು.

“ಕಿರಾಣಿ ಅಂಗಡಿ ಅಜ್ಜ ನಮಗ ಉದ್ರಿ ಕೊಡ್ತಾನ, ಅದು ಔದಾರ್ಯ.”

ಅವ್ವ ತಲೆ ಅಲ್ಲಾಡಿಸಿದಳು. “ಉದ್ರಿ ಎಲ್ಲಿ ಔದಾರ್ಯವಾ? ಆತ ಬರಕೊಂಡಿರತಾನ. ಬರಕೊಳ್ಳದ ಕೊಟ್ರ ಅದು.”

ಚೀಟಿ ವಾಪಸ್ ಮೊದಲ ಡಬ್ಬಿಗೆ. ಹುಡುಗಿ ಹಟಕ್ಕೆ ಬಿದ್ದು ಆಯಿಯ ಮಗ್ಗುಲಿಗೇ ಸರಿದು ಕೂತಳು. ವೈನಿ ಒಳಗಿನಿಂದ ಎರಡು ಸಲ ಊಟಕ್ಕೆ ಕರೆದರೂ ಯಾರೂ ಏಳಲಿಲ್ಲ.

ಸೋಮವಾರ ಅಣ್ಣನ ಜೊತೆ ಶಾಲೆಗೂ ಹೋಗಿ ಬಂದೆ. ಜಗಳಕ್ಕಲ್ಲ. ಟೀಚರ್ ಹಾಳೆ ನೋಡಿ, “ಅದು ತಪ್ಪಲ್ಲ ಅಂತ ನನಗೂ ಗೊತ್ತೈತ್ರಿ. ಪಾಠದಾಗ ಬಂದಿರೋ ಅರ್ಥ ಅವರಿಗೆ ಗೊತ್ತಾಗಬೇಕು. ಬರೇ ಪದ ಕೊಟ್ಟು ಕೇಳಿದ್ದು ನಂದ ತಪ್ಪು, ವಾಕ್ಯ ಕೊಡಬೇಕಾಗಿತ್ತು” ಅಂದರು. ಅವರ ಮಾತು ನ್ಯಾಯವೇ. ‘ದ್ವೇಷ ಊರಲ್ಲಿ ಹಾಸುಹೊಕ್ಕಾಗಿದೆ’ ಅಂತ ಓದಿದಾಗ ನೂಲು ಅಂದುಕೊಂಡರೆ ಆಗದು. ಆದರೆ ನೂಲು ನೋಡಿದ ಹುಡುಗಿಗೆ ಆ ಎರಡನೇ ಅರ್ಥ ಹೇಳಿಕೊಡಲು ಎರಡು ನಿಮಿಷ ಸಾಕು. ಮುಂದಿನ ಸಲ ವಾಕ್ಯದ ಜೊತೆಗೇ ಪದ ಕೇಳುತ್ತೇನೆ ಅಂದರು. ಅಂಕ ಮಾತ್ರ 16 ಇದ್ದದ್ದು 16ಏ.

ಡಬ್ಬಿಗಳು ಊರಲ್ಲೇ ಇವೆ. ಮೊನ್ನೆ ಸ್ಟ್ಯಾಂಡ್‌ಅಪ್ ಮೀಟಿಂಗ್ ನಡುವೆ ವಾಟ್ಸ್ಆ್ಯಪ್‌ನಲ್ಲಿ ಆಕೆಯ ದನಿ ಬಂತು, ಹಿಂದೆ ಅವ್ವನ ನಗು. “ಕಾಕಾ, ಆಯಿನೂ ಚೀಟಿ ಹಾಕಾಕ ಹತ್ಯಾಳ. ಕಂಡಿಕಿಗೆ ನಿಮ್ಮ ಬೆಂಗಳೂರಾಗ ಏನಂತಾರ?”

ಪಕ್ಕದ ಸೀಟಿನ ಮೈಸೂರಿನ ಗೆಳೆಯನನ್ನು ಕೇಳಿದೆ. ಅವನು ತನ್ನ ಅಮ್ಮನಿಗೆ ಫೋನ್ ಹಚ್ಚಿದ.