ಎರೆಮಣ್ಣಿನ ಧೂಳು, ಮೇ ತಿಂಗಳ ಬಿಸಿಲು, ಒಂದು ಲ್ಯಾಪ್‌ಟಾಪ್

ಮೇ ತಿಂಗಳು. ಆಳಂದದ ಅಡತ್ ಅಂಗಡಿಯ ಗಾದಿಯ ಮೇಲೆ ಮುನೀಮರ ಪಕ್ಕ ಕೂತಿದ್ದೀರಿ. ಹೊರಗೆ ತೊಗರಿ ಚೀಲ ಸುರಿದಾಗಲೆಲ್ಲ ಧೂಳು ಎದ್ದು ಒಳಗೆ ಬರುತ್ತಿದೆ. ಎದುರಿಗೆ ಎರಡು ಲ್ಯಾಪ್‌ಟಾಪ್: ಮನೆಬಳಕೆಗೆಂದು ಮಾಡಿದ ಬೆಳ್ಳಿ ಬಣ್ಣದ್ದೊಂದು, ಕಚೇರಿಗಳಿಗೆಂದು ಮಾಡಿದ ವ್ಯಾಪಾರ ದರ್ಜೆಯ, ಸೆಕೆಂಡ್ ಹ್ಯಾಂಡ್ ಕೊಂಡ ಲೆನೊವೊದ ಕಪ್ಪು ಥಿಂಕ್‌ಪ್ಯಾಡ್ ಇನ್ನೊಂದು.

"ಎರಡೂ ತೆರೆದು ನೋಡ್ರಿ, ನಿಮಗೇ ತಿಳೀತದ" ಎನ್ನುತ್ತಾರೆ ಮುನೀಮರು.

ಬೆಳ್ಳಿ ಬಣ್ಣದ್ದರ ಮೂಲೆ ಹಿಡಿದು ಎತ್ತುತ್ತೀರಿ. ಪರದೆ ತಿರುಚಿಕೊಳ್ಳುತ್ತದೆ, ಎಡಗಡೆಯ ಹಿಂಜ್ ಬಳಿ ಕಿರ್ ಎಂಬ ಸದ್ದು. ಹಿಂಜ್ ಸವೆದಿಲ್ಲ, ಅದರ ಸ್ಕ್ರೂ ಕೂತ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ. ಕೀಬೋರ್ಡಿನ ನಡುವೆ ಬೆರಳೊತ್ತಿದರೆ ತಗ್ಗುತ್ತದೆ. ಕಪ್ಪು ಯಂತ್ರವನ್ನು ಅಷ್ಟೇ ಒತ್ತಿದರೂ ಅಲುಗುವುದಿಲ್ಲ. ಅದನ್ನು ಮಗುಚಿ ಹಿಡಿದರೆ ತಳದಲ್ಲಿ ಸಣ್ಣ ತೂತುಗಳು ಕಾಣುತ್ತವೆ. ಕೀಬೋರ್ಡಿನ ಮೇಲೆ ಚಹಾ ಚೆಲ್ಲಿದರೆ ಮದರ್‌ಬೋರ್ಡ್ ಮುಟ್ಟದೆ ಹರಿದುಹೋಗಲೆಂದು ಬಿಟ್ಟ ದಾರಿ ಅದು.

ಮಧ್ಯಾಹ್ನ ಅಫಜಲಪುರ. ತಗಡಿನ ಮಾಡಿನ ಕೆಳಗೊಂದು ಸೇವಾ ಕೇಂದ್ರ, ಪಹಣಿಗಾಗಿ ನಿಂತ ರೈತರ ಸಾಲು. ಮೇಜಿನ ಮೇಲಿನ ಎಚ್‌ಪಿಯ ಅಲ್ಯೂಮಿನಿಯಂ ಎಲಿಟ್‌ಬುಕ್ ಮುಟ್ಟಿ ಕೈ ಹಿಂದೆಳೆಯುತ್ತೀರಿ. ಲೋಹ ಗಟ್ಟಿ, ಆದರೆ ಒಳಗಿನ ಕಾವನ್ನು ಬೇಗ ಅಂಗೈಗೆ ದಾಟಿಸುತ್ತದೆ. ಇಂಥ ವ್ಯಾಪಾರ ದರ್ಜೆಯ ಬಹುತೇಕ ಲ್ಯಾಪ್‌ಟಾಪ್‌ಗಳಿಗೂ ತಯಾರಕರು ಹೇಳುವ, ಬಳಸುವ ಜಾಗದ ಗರಿಷ್ಠ ತಾಪಮಾನ 35 ಡಿಗ್ರಿ ಸೆಲ್ಸಿಯಸ್. ಇಲ್ಲಿ ಬೇಸಿಗೆಯ ಮಧ್ಯಾಹ್ನ 40 ದಾಟುವುದು ಮಾಮೂಲು. ಫ್ಯಾನ್ ಅರಚುತ್ತಿದೆ, ಪಕ್ಕದ ಜಾಲರಿಗೆ ಬೆರಳಿಟ್ಟರೆ ಗಾಳಿಯೇ ಇಲ್ಲ. ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸಿದೆ. ಸಾಲು ಮುಂದೆ ಸರಿಯುತ್ತಿಲ್ಲ.

ಅಂಗೈಯಡಿಯ ಚೀಟಿಯಲ್ಲಿ 'ಮಿಲ್-ಎಸ್‌ಟಿಡಿ-810' ಎಂದಿದೆ. ಅಮೆರಿಕದ ರಕ್ಷಣಾ ಇಲಾಖೆ ರೂಪಿಸಿದ ಪರೀಕ್ಷಾ ಕ್ರಮ ಇದು. ಬಿಸಿಗೆ 501, ಮರಳು-ಧೂಳಿಗೆ 510, ಪೆಟ್ಟಿಗೆ 516 ಎಂದು ಅದರಲ್ಲಿ ಬೇರೆಬೇರೆ ವಿಧಾನಗಳಿವೆ. ಯಾವುದನ್ನು ಮಾಡಬೇಕೆಂದು ಆರಿಸಿಕೊಳ್ಳುವವರು ತಯಾರಕರೇ. ಸೇನೆ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ಪರೀಕ್ಷೆಗೆ ಹೋಗುವುದು ಹೊಸ ಯಂತ್ರ. ಮೂರು ಬೇಸಿಗೆಯ ಧೂಳು ನುಂಗಿದ ಈ ಫ್ಯಾನಿನ ಬಗ್ಗೆ ಆ ಚೀಟಿ ಏನೂ ಹೇಳದು.

ಸಂಜೆ ಕಟ್ಟಿಸಂಗಾವಿಯಲ್ಲಿ ಭೀಮಾ ಸೇತುವೆ ದಾಟಿ ಜೇವರ್ಗಿಗೆ ಬರುತ್ತೀರಿ. ರಿಪೇರಿ ಅಂಗಡಿಯ ಹುಡುಗ ಡೆಲ್‌ನ ಲ್ಯಾಟಿಟ್ಯೂಡ್ ಒಂದನ್ನು ಮಗುಚಿ, ಮಾಮೂಲಿ ಸ್ಕ್ರೂಡ್ರೈವರಿನಿಂದಲೇ ತಳ ಬಿಚ್ಚುತ್ತಾನೆ. ತಾಮ್ರದ ಕೊಳವೆಯ ತುದಿಯಲ್ಲಿ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿದೆ. ಬ್ರಷ್‌ನಿಂದ ಕೆರೆದು, ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚುತ್ತಾನೆ. ಯಾವ ಸ್ಕ್ರೂ ಎಲ್ಲಿಯದೆಂಬ ಅನುಮಾನ ಬಂದರೆ ಮೊಬೈಲಿನಲ್ಲಿ ಕಂಪನಿಯ ಸರ್ವಿಸ್ ಕೈಪಿಡಿ ಇದೆ. ಡೆಲ್, ಎಚ್‌ಪಿ, ಲೆನೊವೊ ಮೂವರೂ ಅದನ್ನು ಉಚಿತವಾಗಿ ಕೊಡುತ್ತಾರೆ.

"ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಹೆಂಗದ?" ಎಂದು ಕೇಳುತ್ತೀರಿ.

"ಮೈ ಗಟ್ಟಿ ಅದರಿ, ಕಾರ್ಬನ್ ಫೈಬರ್. ಆದ್ರ ರ‍್ಯಾಮ್ ಬೋರ್ಡಿಗೇ ಬೆಸೆದಾರ. ಅದು ಹೋದ್ರ ಬೋರ್ಡೇ ಹೋದಂಗ."

ಬೆಳಗಿನಿಂದ ಕಂಡದ್ದೆಲ್ಲ ಈಗ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಬೀಳುವ ಪೆಟ್ಟನ್ನು ಗಟ್ಟಿ ಮೈ ತಾಳುತ್ತದೆ. ದಿನದಿನದ ಧೂಳು ಮತ್ತು ಕಾವನ್ನು ತಾಳಬೇಕಾದರೆ ಯಂತ್ರ ಬಿಚ್ಚಲು ಬರಬೇಕು. ಈ ಮೂರು ತಾಲ್ಲೂಕುಗಳಲ್ಲಿ ಲ್ಯಾಪ್‌ಟಾಪ್ ಕೊಳ್ಳುವವರು ಮೂಲೆ ಹಿಡಿದು ಎತ್ತಿ ನೋಡಲಿ, ತಳ ತಿರುಗಿಸಿ ಸ್ಕ್ರೂ ನೋಡಲಿ, ಬ್ಯಾಟರಿ, ರ‍್ಯಾಮ್, ಫ್ಯಾನ್ ಬದಲಿಸಲು ಬರುತ್ತದೆಯೇ ಎಂದು ಕೇಳಲಿ. ವರ್ಷಕ್ಕೊಮ್ಮೆ, ಬೇಸಿಗೆಗೆ ಮುಂಚೆ, ಧೂಳು ತೆಗೆಸಲಿ. ಊರಲ್ಲೇ ರಿಪೇರಿಯಾಗುವ ಯಂತ್ರವೇ ಇಲ್ಲಿ ಬಾಳಿಕೆಯ ಯಂತ್ರ.