ಪಕ್ಕದಲ್ಲಿ ಕೂತವನಿಗಾಗಿ

ಹೈಡನ್‌ನ ಸಿ ಮೇಜರ್ ಚೆಲ್ಲೊ ಕಾಂಚೆರ್ಟೊದ ಕೊನೆಯ ಭಾಗದಲ್ಲಿ ಒಂದು ಸ್ವರವಿದೆ. ವಯೊಲಿನ್‌ಗಳು, ಓಬೊಗಳು, ಹಾರ್ನ್‌ಗಳು ಸೇರಿ ಭರಭರನೆ ಓಡಿ ಬಂದ ಮೇಲೆ ಚೆಲ್ಲೊ ಬಾಯಿ ತೆರೆಯುತ್ತದೆ. ಅಷ್ಟು ಹೊತ್ತು ವೃಂದದ ಮರೆಯಲ್ಲಿದ್ದವನು ಬಂದ ಕೂಡಲೆ ಚಮತ್ಕಾರ ತೋರಿಸಿಯಾನು ಎಂದು ಕಾಯುವ ಕಿವಿಗೆ ಸಿಗುವುದು ಹಿಡಿದು ನಿಲ್ಲಿಸಿದ ಒಂದೇ ಸ್ವರ. ಸುತ್ತ ಮತ್ತೆ ಓಟ ಶುರುವಾಗುತ್ತದೆ. ಆ ಸ್ವರ ಮಾತ್ರ ಅಲುಗದೆ ತುಂಬಿಕೊಳ್ಳುತ್ತ ಹೋಗುತ್ತದೆ. ಆಮೇಲೆಯೇ ಅದು ಓಟಕ್ಕೆ ಇಳಿಯುವುದು. ನಡುವಣ ನಿಧಾನದ ಭಾಗದಲ್ಲೂ ಚೆಲ್ಲೊ ಒಳಗೆ ಬರುವುದು ಹೀಗೆಯೇ. ಕರ್ನಾಟಕ ಸಂಗೀತ ಕೇಳುತ್ತ ಬೆಳೆದ ನನಗೆ ಇದು ಕಾರ್ವೆ. ಒಳ್ಳೆಯ ಗಾಯಕರು ಸ್ವರವೊಂದರ ಮೇಲೆ ನಿಂತಾಗ ಸಭೆಯಲ್ಲಿ ಹಬ್ಬುವ ನೆಮ್ಮದಿ ಇಲ್ಲೂ ಇದೆ. ಸಿ ಮೇಜರ್‌ನ ಏಳು ಸ್ವರಗಳು ನಮ್ಮ ಶಂಕರಾಭರಣದ ಏಳು ಸ್ವರಸ್ಥಾನಗಳೇ ಆದ್ದರಿಂದ ಈ ಕೃತಿ ಮೊದಲ ಸಲವೇ ನನಗೆ ದೂರದ್ದೆನಿಸಲಿಲ್ಲ.

ಯೋಸೆಫ್ ಹೈಡನ್ ಚೆಲ್ಲೊಗಾಗಿ ಬರೆದ, ಅವನದೇ ಎಂದು ಖಚಿತವಾಗಿರುವ ಎರಡು ಕಾಂಚೆರ್ಟೊಗಳು (ಒಂದು ವಾದ್ಯ ಮುಂದಾಗಿ ವೃಂದದೊಡನೆ ನುಡಿಯುವ ಕೃತಿಗಳು) ನಮಗೆ ಸಿಕ್ಕಿವೆ: 1760ರ ದಶಕದ ಮೊದಲ ವರ್ಷಗಳ ಸಿ ಮೇಜರ್, 1783ರ ಡಿ ಮೇಜರ್. ಒಂದೊಂದೂ ಹೆಚ್ಚುಕಡಿಮೆ ಇಪ್ಪತ್ತೈದು ನಿಮಿಷ. ಒಂದು ಸಂಜೆಯಲ್ಲಿ ಎರಡನ್ನೂ ಕೇಳಿ ಮುಗಿಸಬಹುದು. ನಾನು ಎಷ್ಟೋ ಸಂಜೆಗಳನ್ನು ಹಾಗೆ ಕಳೆದಿದ್ದೇನೆ. ಕೇಳಿದಷ್ಟೂ ಇವುಗಳಲ್ಲಿ ಹೈಡನ್‌ನ ಜೊತೆಗೆ ಇನ್ನಿಬ್ಬರು ಕಾಣತೊಡಗುತ್ತಾರೆ. ಮೊದಲನೆಯದರಲ್ಲಿ ಯೋಸೆಫ್ ವೈಗಲ್, ಎರಡನೆಯದರಲ್ಲಿ ಆಂಟೊನ್ ಕ್ರಾಫ್ಟ್. ಇಬ್ಬರೂ ಹೈಡನ್‌ನ ವಾದ್ಯವೃಂದದಲ್ಲಿ ಚೆಲ್ಲೊ ನುಡಿಸುತ್ತಿದ್ದವರು. ಈ ಸಂಗೀತ ಅವರ ಅಳತೆಗೆ ಹೊಲಿದದ್ದು.

ಹೈಡನ್ ಎಸ್ಟರ್‌ಹಾಜಿ ಮನೆತನದ ಚಾಕರಿಗೆ ಸೇರಿದ್ದು 1761ರ ಮೇ ತಿಂಗಳಲ್ಲಿ, ಇಪ್ಪತ್ತೊಂಬತ್ತನೆಯ ವಯಸ್ಸಿಗೆ, ಆಸ್ಟ್ರಿಯಾದ ಐಸೆನ್‌ಸ್ಟಾಟ್‌ನಲ್ಲಿ. ಅಂದಿನ ಕರಾರುಪತ್ರ ಇಂದಿಗೂ ಓದಲು ಸಿಗುತ್ತದೆ. ಬಿಳಿ ಕಾಲುಚೀಲ ತೊಟ್ಟು, ಕೂದಲಿಗೆ ಪುಡಿ ಹಚ್ಚಿ, ಸಮವಸ್ತ್ರದಲ್ಲಿರಬೇಕು. ದಿನಕ್ಕೆರಡು ಸಲ ದೊರೆಯ ಕೋಣೆಯ ಹೊರಗೆ ನಿಂತು ಇಂದು ಸಂಗೀತ ಬೇಕೇ ಎಂದು ಕೇಳಬೇಕು. ವಾದಕರು ಜಗಳವಾಡಿದರೆ ಸಮಾಧಾನ ಮಾಡಬೇಕು. ಬರೆದದ್ದೆಲ್ಲ ದೊರೆಗೇ ಸೇರಿದ್ದು. ಅದರ ಪ್ರತಿಯನ್ನು ಹೊರಗಿನವರಿಗೆ ಕೊಡಕೂಡದು. ಇಂದು ಓದಿದರೆ ಬಿಗಿಯೆನಿಸುವ ಈ ಕಟ್ಟುಪಾಡಿನೊಳಗೇ ಒಂದು ದೊಡ್ಡ ಭಾಗ್ಯವೂ ಅಡಗಿತ್ತು. ಬೆಳಿಗ್ಗೆ ಬರೆದದ್ದನ್ನು ನುಡಿಸಿ ನೋಡಲು ಕೈಯಳತೆಯಲ್ಲೇ ವಾದ್ಯವೃಂದವಿತ್ತು, ಕೇಳಲು ಸಂಗೀತ ಬಲ್ಲ ದೊರೆಯಿದ್ದ. 1762ರಲ್ಲಿ ಪಟ್ಟಕ್ಕೆ ಬಂದ ನಿಕೊಲಾಸ್ ದೊರೆ ಬ್ಯಾರಿಟನ್ ಎಂಬ ಅಪರೂಪದ ತಂತಿವಾದ್ಯವನ್ನು ಸ್ವತಃ ನುಡಿಸುತ್ತಿದ್ದ. ಅವನಿಗಾಗಿ ಹೈಡನ್ ನೂರಕ್ಕೂ ಮಿಕ್ಕಿ ತ್ರಿವಾದ್ಯ ಕೃತಿಗಳನ್ನು ರಚಿಸಿದ. ಅರಸನ ರಸಿಕತೆ ಸಂಗೀತಕ್ಕೆ ಏನು ಮಾಡಬಲ್ಲದು ಎಂಬುದು ಮೈಸೂರಿನ ಆಸ್ಥಾನ ಕಂಡ ನಾಡಿಗೆ ಹೊಸದಲ್ಲ. ರಷ್ಯಾದ ರಚನಕಾರ ನಿಕೊಲಾಯ್ ಮೆಡ್ಟ್ನರ್ ಲಂಡನ್ನಿನಲ್ಲಿ ಮುಪ್ಪಿನ ದಿನಗಳನ್ನು ಕಳೆಯುತ್ತಿದ್ದಾಗ ಅವನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರು ನಮ್ಮ ಜಯಚಾಮರಾಜ ಒಡೆಯರು.

ಹೈಡನ್ ಸೇರಿದಾಗ ಐಸೆನ್‌ಸ್ಟಾಟ್‌ನ ವಾದ್ಯವೃಂದ ಚಿಕ್ಕದು, ಹದಿನೈದು ಜನರ ಆಸುಪಾಸು. ಅದರಲ್ಲಿ ಚೆಲ್ಲೊ ವಾದಕ ಎಂದರೆ ವೈಗಲ್. ಅದೇ 1761ರಲ್ಲಿ ಬರೆದ ಬೆಳಗು, ಮಧ್ಯಾಹ್ನ, ಸಂಜೆ ಎಂಬ ಮೂರು ಸಿಂಫನಿಗಳಲ್ಲಿ ಹೈಡನ್ ಹೊಸ ಸಹೋದ್ಯೋಗಿಗಳಿಗೆಲ್ಲ ಒಬ್ಬೊಬ್ಬರಾಗಿ ಮುಂದೆ ಬಂದು ನುಡಿಸುವ ಅವಕಾಶ ಮಾಡಿಕೊಟ್ಟ. ಕೊಳಲಿಗೂ ಒಂದು ಪಾಲು, ಚೆಲ್ಲೊಗೂ ಒಂದು ಪಾಲು, ಹಿಂದಿನ ಸಾಲಿನಲ್ಲಿ ನಿಂತೇ ಕಾಲ ಕಳೆಯುವ ಡಬಲ್ ಬಾಸ್‌ಗೂ ಒಂದು ಪಾಲು. ವೈಗಲ್ ಮತ್ತು ಹೈಡನ್ ಆಪ್ತರಾದರು. 1766ರಲ್ಲಿ ವೈಗಲ್‌ಗೆ ಮಗ ಹುಟ್ಟಿದಾಗ ಹೈಡನ್ ಆ ಮಗುವಿನ ಧರ್ಮಪಿತನಾದ. ಆ ಹುಡುಗ ಮುಂದೆ ವಿಯೆನ್ನಾದಲ್ಲಿ ಒಪೆರಾ ರಚನಕಾರನಾಗಿ ಹೆಸರು ಮಾಡಿದ.

ಸಿ ಮೇಜರ್ ಕಾಂಚೆರ್ಟೊದ ಸ್ವರಲಿಪಿ ತೆರೆದರೆ ಈ ಆಪ್ತತೆ ಕಣ್ಣಿಗೇ ಬೀಳುತ್ತದೆ. ಅದರಲ್ಲಿ ಚೆಲ್ಲೊಗೆ ಇರುವುದು ಒಂದೇ ಸಾಲು. ಅದೇ ಸಾಲಿನ ಮೇಲೆ ಒಮ್ಮೆ 'ಸೋಲೊ' ಎಂದೂ ಇನ್ನೊಮ್ಮೆ 'ತುತ್ತಿ' ಎಂದೂ ಗುರುತು ಹಾಕಿದೆ. ಮೊದಲನೆಯದು ಒಬ್ಬನೇ, ಎರಡನೆಯದು ಎಲ್ಲರ ಜೊತೆ. ಅಂದರೆ ವೈಗಲ್ ವೃಂದದೊಡನೆ ಕೆಳಗಿನ ಸ್ವರಗಳನ್ನು ನುಡಿಸುತ್ತ ಕೂತಿರುತ್ತಾನೆ, ತನ್ನ ಸರದಿ ಬಂದಾಗ ಅಲ್ಲಿಂದಲೇ ಎದ್ದು ಮಾತಾಡುತ್ತಾನೆ, ಮುಗಿದ ಮೇಲೆ ಮತ್ತೆ ತನ್ನ ಜಾಗಕ್ಕೆ ಮರಳುತ್ತಾನೆ. ದೂರದ ಊರಿನಿಂದ ಬಂದು ವೇದಿಕೆಯ ನಡುವೆ ಕೂರುವ ದೊಡ್ಡ ವಿದ್ವಾಂಸನ ಸಂಗೀತ ಇದಲ್ಲ. ದಿನವೂ ಪಕ್ಕವಾದ್ಯ ಹಿಡಿಯುವವನಿಗೆ ಸಿಕ್ಕ ಕಚೇರಿ ಇದು. ಮೊದಲ ಭಾಗದಲ್ಲಿ ಅವನು ಕಾಲಿಡುವುದೇ ಹಲವು ತಂತಿಗಳನ್ನು ಕಮಾನಿನ ಒಂದೇ ಎಳೆತದಲ್ಲಿ ನುಡಿಸುವ ತುಂಬು ನಾದದಿಂದ. ಚೆಲ್ಲೊದ ನಾಲ್ಕು ತಂತಿಗಳಲ್ಲಿ ಅತಿ ಮಂದ್ರದ್ದು ಸಿ ಸ್ವರದ್ದು. ಹಾಗಾಗಿ ಸಿ ಮೇಜರ್‌ನಲ್ಲಿ ಆ ವಾದ್ಯ ಬುಡದಿಂದ ದನಿಗೊಡುತ್ತದೆ. ಕೊನೆಯ ಭಾಗದಲ್ಲಿ ಕಮಾನು ಮಂದ್ರದಿಂದ ತಾರಕ್ಕೆ, ತಾರದಿಂದ ಮಂದ್ರಕ್ಕೆ ಹಾರುತ್ತ, ಇಬ್ಬರು ಕೂತು ಮಾತಿಗೆ ಮಾತು ಕೊಡುತ್ತಿದ್ದಾರೆ ಎನಿಸುವ ಹಾಗೆ ಒಂದೇ ಚೆಲ್ಲೊ ಸಂವಾದ ಮಾಡುತ್ತದೆ. ಆ ಜಾಗ ಬಂದಾಗ ನಾನು ಪ್ರತಿಸಲವೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತೇನೆ.

ಈ ಕೃತಿ ಸುಮಾರು ಇನ್ನೂರು ವರ್ಷ ಯಾರ ಕಿವಿಗೂ ಬೀಳಲಿಲ್ಲ. ಹೈಡನ್ ತನ್ನ ಕೃತಿಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದ್ದ. ಪ್ರತಿಯೊಂದರ ಮುಂದೆಯೂ ಅದರ ಆರಂಭದ ಸ್ವರಗಳನ್ನು ಬರೆದಿಡುತ್ತಿದ್ದ. ಆ ಪಟ್ಟಿಯಲ್ಲಿ ಈ ಕಾಂಚೆರ್ಟೊದ ಮೊದಲ ಸ್ವರಗಳಿದ್ದವು, ಕೃತಿ ಮಾತ್ರ ಎಲ್ಲೂ ಇರಲಿಲ್ಲ. ಐಸೆನ್‌ಸ್ಟಾಟ್‌ನಲ್ಲಿ 1768ರಲ್ಲಿ ಬಿದ್ದ ಬೆಂಕಿ ಹೈಡನ್‌ನ ಮನೆಯನ್ನೇ ಸುಟ್ಟಿತ್ತು; ಪ್ರತಿ ಹೊರಹೋಗದಂತೆ ಕರಾರಿನ ತಡೆಯೂ ಇತ್ತು. ಕಳೆದುಹೋದುದರಲ್ಲಿ ಆಶ್ಚರ್ಯವಿಲ್ಲ, ಉಳಿದುಬಂದದ್ದೇ ಆಶ್ಚರ್ಯ. 1961ರಲ್ಲಿ ಪ್ರಾಗ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಓಲ್ಡ್ರಿಕ್ ಪುಲ್ಕರ್ಟ್ ಎಂಬ ಸಂಗೀತ ವಿದ್ವಾಂಸ, ರಾದೆನಿನ್ ಎಂಬಲ್ಲಿಯ ಹಳೆಯ ಮಹಲಿನಿಂದ ಬಂದ ಕಾಗದಗಳ ನಡುವೆ ಇದರ ಹಸ್ತಪ್ರತಿಯನ್ನು ಕಂಡ. ಅದರ ಆರಂಭ ಹೈಡನ್‌ನ ಪಟ್ಟಿಯಲ್ಲಿದ್ದ ಸ್ವರಗಳೊಂದಿಗೆ ಕೂಡಿಬಂತು. 1962ರ ಮೇ 19ರಂದು ಪ್ರಾಗ್‌ನಲ್ಲಿ ಮಿಲೋಶ್ ಸಾಡ್ಲೊ ಚೆಲ್ಲೊ ಹಿಡಿದು, ಚಾರ್ಲ್ಸ್ ಮೆಕೆರಸ್ ವೃಂದ ನಡೆಸಿ, ಅದನ್ನು ನಮ್ಮ ಕಾಲಕ್ಕೆ ಮೊದಲ ಸಲ ಕೇಳಿಸಿದರು. ಕೆಲವೇ ವರ್ಷಗಳಲ್ಲಿ ಲೋಕದ ಚೆಲ್ಲೊ ವಾದಕರೆಲ್ಲ ಅದನ್ನು ತಮ್ಮದಾಗಿಸಿಕೊಂಡರು. ಹೊಸದಾಗಿ ಸಿಕ್ಕಿದ್ದನ್ನು ಕಲಿಯುತ್ತಿದ್ದೇವೆ ಎಂಬ ಭಾವ ಅವರಿಗೆ ಬಂದಿರಲಾರದು ಎಂದು ನನಗೆ ಅನಿಸುತ್ತದೆ. ಆ ಸಂಗೀತ ಕೈಗೆ ಅಷ್ಟು ಒಗ್ಗುತ್ತದೆ.

ಎರಡನೆಯ ಕಾಂಚೆರ್ಟೊದ ಹೊತ್ತಿಗೆ ಎಲ್ಲವೂ ಬದಲಾಗಿತ್ತು. ಹೈಡನ್ ಐವತ್ತು ದಾಟಿದ್ದ, ಯುರೋಪಿನಲ್ಲೆಲ್ಲ ಹೆಸರಾಗಿದ್ದ. ವೈಗಲ್ 1769ರಲ್ಲೇ ವಿಯೆನ್ನಾಕ್ಕೆ ಹೊರಟುಹೋಗಿದ್ದ. ನಿಕೊಲಾಸ್ ದೊರೆ ಹಂಗೆರಿಯ ಜೌಗುನೆಲದಲ್ಲಿ ಎಸ್ಟರ್‌ಹಾಜಾ ಎಂಬ ಭಾರಿ ಅರಮನೆ ಕಟ್ಟಿಸಿ ವರ್ಷದ ಬಹುಭಾಗ ಅಲ್ಲೇ ಇರುತ್ತಿದ್ದ. 1778ರಲ್ಲಿ ಅಲ್ಲಿಗೆ ಬಂದ ಕ್ರಾಫ್ಟ್ ಬೊಹೆಮಿಯಾದವನು, ಆ ಕಾಲದ ಶ್ರೇಷ್ಠ ಚೆಲ್ಲೊ ವಾದಕರಲ್ಲಿ ಒಬ್ಬ. ಹೈಡನ್‌ನ ಬಳಿ ರಚನೆಯನ್ನೂ ಕಲಿತ.

ಕ್ರಾಫ್ಟ್‌ನ ಕೈ ಎಂಥದಿತ್ತೆಂದು ತಿಳಿಯಬೇಕಾದರೆ ಚೆಲ್ಲೊ ನುಡಿಸುವ ಬಗೆ ಸ್ವಲ್ಪ ಗೊತ್ತಿರಬೇಕು. ವಯೊಲಿನ್ ನುಡಿಸುವಾಗ ಎಡಗೈ ಹೆಬ್ಬೆರಳು ದಂಡಿಯ ಹಿಂದೆ ಆಸರೆಯಾಗಿ ಉಳಿಯುತ್ತದೆ. ಚೆಲ್ಲೊದಲ್ಲಿ ತಾರಸ್ಥಾಯಿಗೆ ಏರಬೇಕಾದರೆ ಹೆಬ್ಬೆರಳು ಮುಂದಕ್ಕೆ ಬಂದು ತನ್ನ ಪಕ್ಕೆಯಿಂದ ತಂತಿಗಳನ್ನು ಅಡ್ಡಲಾಗಿ ಒತ್ತಬೇಕು. ಆಗ ಅದೇ ಮೇರುವಾಗುತ್ತದೆ, ಕೈ ಹೋದಲ್ಲೆಲ್ಲ ಜೊತೆಗೆ ಜರುಗುವ ಮೇರು. ಹೆಬ್ಬೆರಳು ಒಂದು ತಂತಿಯಲ್ಲಿ, ಇನ್ನೊಂದು ಬೆರಳು ಪಕ್ಕದ ತಂತಿಯಲ್ಲಿ ಊರಿದರೆ ಒಂದೇ ಸ್ವರ ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ನುಡಿಯುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಅಪಶ್ರುತಿ. ಅಂದಿನ ತಂತಿಗಳು ಕರುಳಿನವು. ಚೆಲ್ಲೊವನ್ನು ನೆಲಕ್ಕೆ ಊರುವ ಲೋಹದ ಕಡ್ಡಿ ಇನ್ನೂ ಬಳಕೆಗೆ ಬಂದಿರಲಿಲ್ಲ, ಎರಡು ಕಾಲುಗಳ ನಡುವೆ ಒತ್ತಿಹಿಡಿದೇ ನುಡಿಸಬೇಕು. ಡಿ ಮೇಜರ್ ಕಾಂಚೆರ್ಟೊದಲ್ಲಿ ಹೈಡನ್ ಈ ಕಷ್ಟದ ದಾರಿಯಲ್ಲೇ ನಡೆಯುತ್ತಾನೆ. ಜೋಡಿಸ್ಥಾಯಿಗಳ ಸಾಲುಗಳಿವೆ, ಉದ್ದಕ್ಕೂ ಮೇಲಿನ ನೆಲೆಯಲ್ಲೇ ಸಂಚರಿಸುವ ಹಾಡಿಕೆಯಿದೆ. ಆದರೆ ಕಿವಿಗೆ ಕಷ್ಟದ ಸುಳಿವೇ ಇಲ್ಲ. ಮೊದಲ ಭಾಗ ಮೆಲುದನಿಯಲ್ಲಿ, ಆತುರವಿಲ್ಲದೆ ತೆರೆದುಕೊಳ್ಳುತ್ತದೆ. ನಡುವಣ ಭಾಗ ಎ ಮೇಜರ್‌ನಲ್ಲಿ, ಹೇಳಬೇಕಾದ್ದನ್ನು ಕೆಲವೇ ಮಾತಿನಲ್ಲಿ ಹೇಳಿ ಮುಗಿಸುತ್ತದೆ. ಕೊನೆಯದು ಜನಪದ ಹಾಡಿನ ಲಯದ, ಮೊದಲ ಹಾಡು ಪಲ್ಲವಿಯಂತೆ ಮರಳಿ ಮರಳಿ ಬರುವ ರೊಂಡೊ. ಅಲ್ಲಿ ವೃಂದಕ್ಕೆ ಕಾಯದೆ ಚೆಲ್ಲೊ ತಾನೇ ಹಾಡು ಎತ್ತಿಕೊಳ್ಳುತ್ತದೆ. ವೈಗಲ್‌ಗಾಗಿ ಬರೆದಾಗ ಸರದಿ ಕಾಯಿಸಿ ಕರೆತಂದ ಹೈಡನ್, ಕ್ರಾಫ್ಟ್‌ನ ಕೈಗೆ ಮೊದಲ ಮಾತನ್ನೇ ಕೊಟ್ಟ. ಇಬ್ಬರು ಗೆಳೆಯರ ಸ್ವಭಾವದ ಅಂತರ ಇದಿರಬಹುದೇ ಎಂದು ಊಹಿಸುವುದು ನನಗೆ ಇಷ್ಟ.

ಈ ಕೃತಿಗೂ ತನ್ನದೇ ಸಂಕಟ ಎದುರಾಯಿತು. 1837ರಲ್ಲಿ ಜರ್ಮನಿಯಲ್ಲಿ ಹೊರಬಂದ ಸಂಗೀತ ಕೋಶವೊಂದು ಇದು ಹೈಡನ್‌ನದಲ್ಲ, ಕ್ರಾಫ್ಟ್‌ನದೇ ಎಂದಿತು. ಆ ಮಾತು ನೂರು ವರ್ಷಕ್ಕೂ ಹೆಚ್ಚು ಕಾಲ ನಡೆದುಬಂತು. 1950ರ ದಶಕದ ಆರಂಭದಲ್ಲಿ ವಿಯೆನ್ನಾದಲ್ಲಿ ಹೈಡನ್‌ನ ಸ್ವಹಸ್ತದ ಪ್ರತಿ ಸಿಕ್ಕ ಮೇಲೆಯೇ ಸಂದೇಹ ತೀರಿದ್ದು. ಆ ತಪ್ಪನ್ನು ನಾನು ಬೇರೆ ಬಗೆಯಲ್ಲಿ ನೋಡುತ್ತೇನೆ. ಚೆಲ್ಲೊವನ್ನು ಇಷ್ಟು ಒಳಗಿನಿಂದ ಬಲ್ಲವನು ಚೆಲ್ಲೊ ನುಡಿಸುವವನೇ ಆಗಿರಬೇಕೆಂದು ಜನ ನಂಬಲು ಕಾರಣವಿತ್ತು. ಹೈಡನ್ ಚೆಲ್ಲೊ ವಾದಕನಲ್ಲ. ತಾನು ಯಾವ ವಾದ್ಯದಲ್ಲೂ ಮಾಂತ್ರಿಕನಲ್ಲ, ಆದರೆ ಎಲ್ಲ ವಾದ್ಯಗಳ ಶಕ್ತಿ ಬಲ್ಲೆ ಎಂಬರ್ಥದಲ್ಲಿ ಅವನು ಮುಪ್ಪಿನಲ್ಲಿ ಹೇಳಿಕೊಂಡದ್ದು ದಾಖಲಾಗಿದೆ. ಆ ಬಲ್ಮೆ ಬಂದದ್ದು ವಾದಕರ ನಡುವೆ ದಿನದಿನವೂ ಬಾಳಿದ್ದರಿಂದ. ಅವರ ತರಬೇತಿ ನೋಡಿ, ಅವರ ಜಗಳ ಬಿಡಿಸಿ, 1772ರಲ್ಲಿ ಅವರಿಗೆ ಮನೆಯ ನೆನಪು ಹತ್ತಿಕ್ಕಲಾರದಾದಾಗ, ವಾದಕರು ಒಬ್ಬೊಬ್ಬರಾಗಿ ದೀಪ ಆರಿಸಿ ಎದ್ದುಹೋಗುವ ಸಿಂಫನಿಯೊಂದನ್ನು ಬರೆದು ದೊರೆಗೆ ವಿಷಯ ಮುಟ್ಟಿಸಿದವನು ಅವನು. ಕ್ರಾಫ್ಟ್‌ನ ಬೆರಳುಗಳಿಗೆ ಏನು ಸಾಧ್ಯವೆಂದು ಕ್ರಾಫ್ಟ್‌ನಷ್ಟೇ ಅವನಿಗೂ ಗೊತ್ತಿತ್ತು. ಕೃತಿಕಾರ ಯಾರೆಂದು ಗೊತ್ತಾಗದಷ್ಟು ಗಾಢವಾಗಿ ಇನ್ನೊಬ್ಬನ ಕೈಯನ್ನು ಅರಿಯುವುದು ಪ್ರೀತಿಯ ಕೆಲಸವಲ್ಲದೆ ಇನ್ನೇನು?

ಒಬ್ಬನಿಗಾಗಿ ಅಳೆದು ಹೊಲಿದದ್ದು ಬೇರೆಯವರಿಗೆ ಒಪ್ಪುವುದು ಹೇಗೆ ಎಂಬ ಪ್ರಶ್ನೆಗೆ ಧ್ವನಿಮುದ್ರಣಗಳು ಉತ್ತರ ಕೊಡುತ್ತವೆ. 1935ರಲ್ಲಿ ಇಮಾನುಯೆಲ್ ಫಾಯರ್‌ಮನ್ ಮುದ್ರಿಸಿದ ಡಿ ಮೇಜರ್‌ನಲ್ಲಿ ಹೆಬ್ಬೆರಳಿನ ಕಷ್ಟವೆಲ್ಲ ಹಗುರವಾಗಿ ಕರಗಿಹೋಗುತ್ತದೆ. 1960ರ ದಶಕದಲ್ಲಿ ರೊಸ್ಟ್ರೊಪೊವಿಚ್ ಸಿ ಮೇಜರ್ ನುಡಿಸಿದಾಗ ಜೊತೆಗಿದ್ದದ್ದು ಇಂಗ್ಲೆಂಡಿನ ರಚನಕಾರ ಬೆಂಜಮಿನ್ ಬ್ರಿಟನ್. ವೃಂದ ನಿಂತು ಚೆಲ್ಲೊ ಒಂದೇ ಸ್ವಚ್ಛಂದವಾಗಿ ವಿಸ್ತರಿಸುವ ಕಡೆಂಜ಼ಾ ಎಂಬ ಜಾಗವಿದೆಯಲ್ಲ, ಅದನ್ನು ಬ್ರಿಟನ್ ಆ ಗೆಳೆಯನಿಗೆಂದೇ ಹೊಸದಾಗಿ ಬರೆದುಕೊಟ್ಟ. ಹೈಡನ್ ವೈಗಲ್‌ಗೆ ಮಾಡಿದ್ದನ್ನು ಇನ್ನೂರು ವರ್ಷದ ಮೇಲೆ ಮತ್ತೊಬ್ಬ ರಚನಕಾರ ಮತ್ತೊಬ್ಬ ವಾದಕನಿಗೆ ಮಾಡಿದ. ಜಾಕ್ಲೀನ್ ಡು ಪ್ರೆ 1967ರಲ್ಲಿ ನುಡಿಸಿದ ಸಿ ಮೇಜರ್‌ನ ನಿಧಾನದ ಭಾಗದಲ್ಲಿ ಆ ಹಿಡಿದ ಸ್ವರ ಮನುಷ್ಯ ಕಂಠವೇ ಆಗಿಬಿಡುತ್ತದೆ. ಹಳೆಯ ಬಗೆಯ ಕರುಳಿನ ತಂತಿಯಲ್ಲಿ ಆನರ್ ಬಿಲ್ಸ್ಮಾ ನುಡಿಸಿದ್ದು ಕೇಳಿದರೆ ಐಸೆನ್‌ಸ್ಟಾಟ್‌ನ ಆ ಚಿಕ್ಕ ವೃಂದದ ಒಳಗೆ ಕೂತ ಹಾಗಾಗುತ್ತದೆ. ಒಬ್ಬೊಬ್ಬರದೂ ಬೇರೆ, ಆದರೂ ಯಾರಿಗೂ ಈ ಅಂಗಿ ಬಿಗಿಯಾಗುವುದಿಲ್ಲ. ಒಬ್ಬ ಮನುಷ್ಯನನ್ನು ಚೆನ್ನಾಗಿ ನೋಡಿ ಮಾಡಿದ ಕೆಲಸದಲ್ಲಿ ಮಿಕ್ಕವರಿಗೂ ಜಾಗ ಸಿಗುತ್ತದೆ ಎಂಬುದನ್ನು ನಾನು ಹೈಡನ್‌ನಿಂದ ಕಲಿತೆ. ಎಲ್ಲರಿಗೂ ಸಲ್ಲಲಿ ಎಂದು ಯಾರನ್ನೂ ನೆನೆಯದೆ ಮಾಡಿದ ಎಷ್ಟೋ ಕೆಲಸಗಳಿಗೆ ಈ ಗುಣವಿಲ್ಲ.

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಎಲ್ಲಿಂದ ಹೊಗಲಿ ಎಂದು ಕೇಳುವ ಗೆಳೆಯರಿಗೆ ನಾನು ಈ ಎರಡು ಕೃತಿಗಳನ್ನೇ ತೋರಿಸುತ್ತೇನೆ. ಮೊದಲು ಸಿ ಮೇಜರ್‌ನ ಕೊನೆಯ ಭಾಗ ಕೇಳಿ, ಕಾರ್ವೆ ಬಲ್ಲ ಕಿವಿಗೆ ಅದು ತಾನಾಗಿ ದಾರಿ ಬಿಡುತ್ತದೆ. ಆಮೇಲೆ ಮೊದಲಿನಿಂದ ಇಡಿಯಾಗಿ ಕೇಳಿ. ಕೆಲವು ದಿನ ಬಿಟ್ಟು ಡಿ ಮೇಜರ್‌ಗೆ ಬನ್ನಿ. ಅದು ತಾಳ್ಮೆ ಬೇಡುತ್ತದೆ, ಕೊಟ್ಟ ತಾಳ್ಮೆಗೆ ತಕ್ಕ ಸುಖವನ್ನೂ ಕೊಡುತ್ತದೆ. ಸ್ವರಲಿಪಿ ಓದಲು ಬರಬೇಕಿಲ್ಲ, ಪರಿಭಾಷೆ ತಿಳಿದಿರಬೇಕಿಲ್ಲ. ಕೇಳುವಾಗ ವೈಗಲ್ ಮತ್ತು ಕ್ರಾಫ್ಟ್ ಎಂಬ ಎರಡು ಹೆಸರುಗಳು ನೆನಪಿದ್ದರೆ ಸಾಕು.